ಬಣ್ಣ ಹೊಡೆಸುವ ಮುನ್ನ



ಆಯುಧಪೂಜೆಗೆ ಇನ್ನೂ ಸಾಕಷ್ಟು ದಿನವಿದೆ. ಅದಕ್ಕೇ ಈ ಮಾತು ಈಗಲೇ. ಹಬ್ಬ ಎಂಟು ದಿನ ಇದೆ ಅನ್ನುವಾಗ ಹರಪನಹಳ್ಳಿ, ಕೊಟ್ಟೂರು, ಕೂಡ್ಲಿಗಿ, ಹಡಗಲಿ, ಹಗರಿಬೊಮ್ಮನಹಳ್ಳಿ, ಯಾವ ಊರಿನ ಪೇಂಟಿಂಗ್ ಷೆಡ್ಡಿಗೆ ಹೋದರೂ ಬಾಗಿಲ ಹೊರಗೆ ಬೈಕುಗಳ ಸಾಲು ನಿಂತಿರುತ್ತದೆ. ನಮ್ಮ ಅರಸೀಕೆರೆಯೂ ಇದಕ್ಕೆ ಹೊರತಲ್ಲ. ಅರಸೀಕೆರೆ ಅಂದರೆ ಹಾಸನ ಜಿಲ್ಲೆಯದಲ್ಲ, ಹರಪನಹಳ್ಳಿ ತಾಲ್ಲೂಕಿನದು, ಉಚ್ಚಂಗಿದುರ್ಗದ ಕಡೆಯದು.

"ಅಣ್ಣ, ಹಬ್ಬದ ದಿನ ಗಾಡಿ ಮನೆ ಮುಂದೆ ಇರಬೇಕು ನೋಡು" ಅನ್ನುತ್ತಾನೆ ಹುಡುಗ. "ಆತು ಬಿಡಪ್ಪ, ಮಾಡಿ ಕೊಡ್ತೀನಿ" ಅನ್ನುತ್ತಾನೆ ಪೇಂಟರ್. ಇಬ್ಬರೂ ಮಾತಿಗೆ ತಪ್ಪುವುದಿಲ್ಲ. ಹಬ್ಬದ ದಿನ ಗಾಡಿ ಕುಂಬಳಕಾಯಿ, ಚೆಂಡುಹೂವಿನ ನಡುವೆ ಥಳಥಳ ಹೊಳೆಯುತ್ತದೆ. ಸಂಕ್ರಾಂತಿಯ ಹೊತ್ತಿಗೆ ಟ್ಯಾಂಕಿನ ಅಂಚಿನಲ್ಲಿ ಸಣ್ಣ ಗುಳ್ಳೆ ಏಳುತ್ತವೆ. ಯುಗಾದಿಗೆ ಉಗುರು ತಾಗಿಸಿದರೆ ಬಣ್ಣ ಸಿಪ್ಪೆಯಾಗಿ ಬರುತ್ತದೆ. ಆಗ ಬೈಗುಳ ಬೀಳುವುದು ಬಣ್ಣದ ಡಬ್ಬಿಗೆ: "ಮಾಲು ಡೂಪ್ಲಿಕೇಟ್ ಇತ್ತು." ಬಹಳ ಸಲ ಮಾಲು ಸರಿಯಾಗಿಯೇ ಇರುತ್ತದೆ. ಅದರ ಕೆಳಗಿನ ಮೈ ಹದವಾಗಿರುವುದಿಲ್ಲ, ಅಷ್ಟೆ.

ಷೆಡ್ಡಿನ ಲೆಕ್ಕವನ್ನೂ ನಾವು ಅರ್ಥ ಮಾಡಿಕೊಳ್ಳಬೇಕು. ಒಂದು ಟ್ಯಾಂಕು, ಎರಡು ಸೈಡ್ ಬಾಕ್ಸು, ಎರಡು ಮಡ್‌ಗಾರ್ಡಿಗೆ ಬಣ್ಣ ಹೊಡೆಯುವ ಕೆಲಸ ಗನ್ ಕೈಗೆ ತೆಗೆದುಕೊಂಡ ಮೇಲೆ ಗಂಟೆಗಳಲ್ಲಿ ಮುಗಿಯುತ್ತದೆ. ಅದಕ್ಕೆ ಮುಂಚಿನ ತೊಳೆಯುವುದು, ಉಜ್ಜುವುದು, ಪುಟ್ಟಿ ಎಳೆಯುವುದು, ಒಣಗಿಸುವುದು, ಮತ್ತೆ ಉಜ್ಜುವುದು, ಇವೆಲ್ಲ ದಿನಗಟ್ಟಲೆ ಹಿಡಿಯುವ ಕೆಲಸ. ಗಿರಾಕಿ ದುಡ್ಡು ಕೊಡುವುದು ಕಣ್ಣಿಗೆ ಕಾಣುವ ಹೊಳಪಿಗೆ. ಕಾಣದ ಕೆಲಸಕ್ಕೆ ಯಾರೂ ಕೂಲಿ ಲೆಕ್ಕ ಹಾಕುವುದಿಲ್ಲ. ಹಾಗಾಗಿ ಅವಸರ ಬಂದಾಗ ಕತ್ತರಿ ಬೀಳುವುದು ಆ ಕಾಣದ ಕೆಲಸಕ್ಕೇ.

ಆದ್ದರಿಂದ ನನ್ನ ಸಲಹೆ ಇದು. ಉಜ್ಜುವ ಕೆಲಸವನ್ನು ನೀವೇ ಮನೆಯಲ್ಲಿ ಮಾಡಿ. ಬಣ್ಣ ಹೊಡೆಯುವ ಕೆಲಸವನ್ನು ಷೆಡ್ಡಿಗೆ ಬಿಡಿ. ಮೊದಲನೆಯದಕ್ಕೆ ಬೇಕಾದದ್ದು ನೀರು, ಉಪ್ಪುಕಾಗದ, ತಾಳ್ಮೆ. ಎರಡನೆಯದಕ್ಕೆ ಕಂಪ್ರೆಸರು, ಕೈಪಳಗಿದ ಪೇಂಟರು, ವಿಷದ ಗಾಳಿಯಿಂದ ಕಾಪಾಡುವ ಮಾಸ್ಕು ಬೇಕು. ಮನೆಯಲ್ಲಿ ಇವು ಇರುವುದಿಲ್ಲ.

ಕೆಲಸಕ್ಕೆ ಕೈ ಹಾಕುವ ಮೊದಲು ಒಂದು ಕಾಗದದ ಮಾತು. ನಿಮ್ಮ ಆರ್‌ಸಿಯಲ್ಲಿ ಗಾಡಿಯ ಬಣ್ಣವೂ ನಮೂದಾಗಿರುತ್ತದೆ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ಆರ್‌ಸಿಯಲ್ಲಿರುವ ವಿವರಕ್ಕೆ ಹೊಂದದ ಹಾಗೆ ಗಾಡಿಯನ್ನು ಮಾರ್ಪಡಿಸುವಂತಿಲ್ಲ. ಇದ್ದ ಬಣ್ಣವನ್ನೇ ಮತ್ತೆ ಹೊಡೆಸಿದರೆ ತಕರಾರಿಲ್ಲ. ಕಪ್ಪು ಗಾಡಿಯನ್ನು ಕೆಂಪು ಮಾಡುವುದಾದರೆ ಆರ್‌ಟಿಒ ಕಚೇರಿಯಲ್ಲಿ ಮೊದಲೇ ಅರ್ಜಿ ಕೊಟ್ಟು, ಆರ್‌ಸಿಯಲ್ಲಿ ಹೊಸ ಬಣ್ಣ ಬರೆಸಿಕೊಳ್ಳಬೇಕು. ಗಾಡಿ ಸಾಲದ ಮೇಲಿದ್ದರೆ ಸಾಲ ಕೊಟ್ಟವರ ಒಪ್ಪಿಗೆಯೂ ಬೇಕು. ಮಿಲಿಟರಿ ಗಾಡಿಗಳ ಆ ಆಲಿವ್ ಹಸಿರಿನ ಮೇಲೆ ಹುಡುಗರಿಗೆ ಬಹಳ ಆಸೆ. ಕೇಂದ್ರ ಮೋಟಾರು ವಾಹನ ನಿಯಮಗಳ 121ನೇ ನಿಯಮ ಅದನ್ನು ರಕ್ಷಣಾ ಇಲಾಖೆಯ ವಾಹನಗಳಿಗೆ ಮಾತ್ರ ಮೀಸಲಿಟ್ಟಿದೆ.

ಯಾವ ಆರ್‌ಟಿಒ ಎಂಬ ಪ್ರಶ್ನೆ ನಮ್ಮ ಕಡೆಯವರಿಗೆ ಸುಲಭದ್ದಲ್ಲ. ಹರಪನಹಳ್ಳಿ ತಾಲ್ಲೂಕು 1997ರಲ್ಲಿ ದಾವಣಗೆರೆ ಜಿಲ್ಲೆಗೆ ಸೇರಿತು, 2018ರಲ್ಲಿ ಬಳ್ಳಾರಿಗೆ ಮರಳಿತು, 2021ರಲ್ಲಿ ವಿಜಯನಗರ ಜಿಲ್ಲೆಯದಾಯಿತು. ಹಾಗಾಗಿ ಒಂದೇ ಬೀದಿಯಲ್ಲಿ ದಾವಣಗೆರೆಯ ಕೆಎ-17, ಬಳ್ಳಾರಿಯ ಕೆಎ-34, ಹೊಸಪೇಟೆಯ ಕೆಎ-35 ಮೂರೂ ನಂಬರಿನ ಗಾಡಿ ಕಾಣುತ್ತವೆ. ನಿಮ್ಮ ಗಾಡಿಯ ದಾಖಲೆ ಈಗ ಯಾವ ಕಚೇರಿಯಲ್ಲಿದೆ ಎಂದು ವಿಚಾರಿಸಿಕೊಂಡೇ ಹೊರಡಿ. ಇನ್ನೊಂದು ಎಚ್ಚರಿಕೆ: ಛಾಸಿಯ ಮೇಲೆ ಒತ್ತಿರುವ ನಂಬರಿನ ಮೇಲೆ ಉಪ್ಪುಕಾಗದ ಆಡಿಸಬೇಡಿ, ಪುಟ್ಟಿ ಬಳಿಯಬೇಡಿ. ಆ ಅಂಕಿ ಮಾಸಿದರೆ ಗಾಡಿ ನಿಮ್ಮದೆಂದು ಸಾಬೀತು ಮಾಡುವುದೇ ಕಷ್ಟವಾಗುತ್ತದೆ.

ಈಗ ಗಾಡಿ ಬಿಚ್ಚೋಣ. ಬ್ಯಾಟರಿಯ ನೆಗೆಟಿವ್ ವೈರನ್ನು ಮೊದಲು ತೆಗೆಯಿರಿ. ಸೀಟು, ಸೈಡ್ ಬಾಕ್ಸು, ಟ್ಯಾಂಕು, ಮಡ್‌ಗಾರ್ಡು, ಒಂದೊಂದನ್ನೂ ಬಿಚ್ಚುವ ಮುನ್ನ ಮೊಬೈಲಿನಲ್ಲಿ ಫೋಟೊ ತೆಗೆದುಕೊಳ್ಳಿ. ಬೋಲ್ಟು ನಟ್ಟುಗಳನ್ನು ಬೇರೆ ಬೇರೆ ಡಬ್ಬಿಗೆ ಹಾಕಿ ಹೆಸರು ಬರೆದಿಡಿ. ಟ್ಯಾಂಕಿನ ಮೇಲಿನ ಬ್ಯಾಡ್ಜು, ಮುಚ್ಚಳ, ಪೆಟ್ರೋಲ್ ಕಾಕು ಎಲ್ಲ ಕಳಚಬೇಕು. ಅವನ್ನು ಬಿಟ್ಟು ಸುತ್ತ ಟೇಪು ಹಚ್ಚಿ ಬಣ್ಣ ಹೊಡೆದರೆ ಮೊದಲು ಬಣ್ಣ ಎದ್ದು ಬರುವುದು ಅದೇ ಅಂಚಿನಿಂದ.

ಟ್ಯಾಂಕಿನ ವಿಷಯದಲ್ಲಿ ಸ್ವಲ್ಪ ನಿಂತು ಹೇಳುತ್ತೇನೆ. ಪೆಟ್ರೋಲ್ ತುಂಬಿದ ಟ್ಯಾಂಕಿಗಿಂತ ಆಗಷ್ಟೇ ಖಾಲಿ ಮಾಡಿದ ಟ್ಯಾಂಕು ಹೆಚ್ಚು ಅಪಾಯದ್ದು. ಗಾಳಿಯಲ್ಲಿ ಪೆಟ್ರೋಲಿನ ಆವಿ ನೂರಕ್ಕೆ ಸುಮಾರು 1.4ರಿಂದ 7.6 ಪಾಲು ಇದ್ದಾಗ ಒಂದು ಕಿಡಿ ಸಾಕು. ತುಂಬಿದ ಟ್ಯಾಂಕಿನೊಳಗೆ ಗಾಳಿಗೆ ಜಾಗವಿಲ್ಲ, ಖಾಲಿ ಟ್ಯಾಂಕಿನಲ್ಲಿ ಗಾಳಿಯೂ ಆವಿಯೂ ಬೆರೆತಿರುತ್ತವೆ. ಆ ಆವಿ ಗಾಳಿಗಿಂತ ಭಾರ. ನೆಲದ ಮೇಲೆ ಹರಿದು ಪಡಸಾಲೆಯಿಂದ ಅಡುಗೆಮನೆಯ ಒಲೆಯವರೆಗೂ ಹೋಗಬಲ್ಲದು. ಆದ್ದರಿಂದ ಪೆಟ್ರೋಲನ್ನು ಅಂಗಳದಲ್ಲಿ, ಬೀಡಿ, ಒಲೆ, ದೇವರ ದೀಪ ಎಲ್ಲದರಿಂದ ದೂರ ಬಸಿಯಿರಿ. ಸೋಪಿನ ನೀರು ತುಂಬಿಸಿ, ಕುಲುಕಿ, ಎರಡು ಮೂರು ಸಲ ಚೆಲ್ಲಿ. ಬಾಯಿ ತೆರೆದು ನೆರಳಲ್ಲಿ ಗಾಳಿಗೆ ಒಣಗಲು ಬಿಡಿ. ಟ್ಯಾಂಕಿಗೆ ತೂತು ಬಿದ್ದಿದ್ದರೆ ಬೆಸುಗೆಯ ಯೋಚನೆಯನ್ನು ಮನೆಯಲ್ಲಿ ಮಾಡಲೇಬೇಡಿ.

ಬಿಚ್ಚಿ ಇಟ್ಟಿರಿ. ಇನ್ನು ಯಾವುದು ಏನು ಎಂದು ಗುರುತಿಸುವ ಕೆಲಸ. ಕೆಟ್ಟ ರೇಡಿಯೊ ಮನೆಯಲ್ಲಿದ್ದರೆ ಅದರ ಸ್ಪೀಕರಿನ ಅಯಸ್ಕಾಂತ ಬಿಚ್ಚಿಕೊಳ್ಳಿ. ಕೆಟ್ಟಿದ್ದರೆ ಮಾತ್ರ ಅಂದೆ, ಈಗ ಹಾಡುತ್ತಿರುವುದನ್ನಲ್ಲ. ಅಯಸ್ಕಾಂತಕ್ಕೆ ತೆಳು ಬಟ್ಟೆ ಸುತ್ತಿ ಟ್ಯಾಂಕಿನ ಮೇಲೆಲ್ಲ ಆಡಿಸಿ. ಗಟ್ಟಿಯಾಗಿ ಹಿಡಿದ ಕಡೆ ತಗಡು ಹತ್ತಿರವಿದೆ, ಸಡಿಲಾದ ಕಡೆ ಹಿಂದಿನವರು ದಪ್ಪ ಪುಟ್ಟಿ ಮೆತ್ತಿದ್ದಾರೆ. ಹಳೆ ಗಾಡಿ ಕೊಳ್ಳುವವರಿಗೂ ಈ ಉಪಾಯ ಉಪಯೋಗಕ್ಕೆ ಬರುತ್ತದೆ. ಪ್ಲಾಸ್ಟಿಕ್ ಭಾಗಗಳ ಹಿಂಬದಿಯನ್ನು ನೋಡಿ. ಎಬಿಎಸ್ ಎಂದೋ ಪಿಪಿ ಎಂದೋ ಅಚ್ಚೊತ್ತಿರುತ್ತದೆ. ಎಬಿಎಸ್ ಆದರೆ ಬಣ್ಣ ಹಿಡಿಯುತ್ತದೆ, ಆದರೆ ತಿನ್ನರಿನಲ್ಲಿ ನೆನೆಸಿದರೆ ಮೆತ್ತಗಾಗಿ ಬಿರಿಯುತ್ತದೆ. ಪಿಪಿ ಆದರೆ ಪ್ಲಾಸ್ಟಿಕ್ಕಿಗೆಂದೇ ಇರುವ ಪ್ರೈಮರ್ ಇಲ್ಲದೆ ಯಾವ ಬಣ್ಣವೂ ನಿಲ್ಲುವುದಿಲ್ಲ. ಎರಡಕ್ಕೂ ಪೇಂಟ್ ರಿಮೂವರ್ ತಾಗಿಸಬಾರದು.

ಇರುವ ಬಣ್ಣವನ್ನು ಪೂರ್ತಿ ಕಿತ್ತು ಹಾಕಬೇಕೋ ಬೇಡವೋ? ಇಲ್ಲಿ ಎಲ್ಲರೂ ಒಂದೇ ತಪ್ಪು ಮಾಡುತ್ತಾರೆ, ಸುಮ್ಮನೆ ಕಿತ್ತುಬಿಡುತ್ತಾರೆ. ಕಂಪನಿಯಲ್ಲಿ ಕಾವು ಕೊಟ್ಟು ಗಟ್ಟಿ ಮಾಡಿದ ಬಣ್ಣ ಎಲ್ಲೂ ಏಳದೆ ಕೂತಿದ್ದರೆ ಅದಕ್ಕಿಂತ ಒಳ್ಳೆಯ ತಳಪಾಯ ಬೇರೆ ಸಿಗದು. ಅದರ ಹೊಳಪು ಮುರಿಯುವಷ್ಟು ಉಜ್ಜಿದರೆ ಸಾಕು. ಕೀಳಬೇಕಾದದ್ದು ಮೂರು ಸಂದರ್ಭದಲ್ಲಿ: ಬಣ್ಣ ಹೆಕ್ಕಳಿಕೆ ಏಳುತ್ತಿದ್ದರೆ, ಒಳಗೆ ತುಕ್ಕು ಹರಡಿದ್ದರೆ, ಮೇಲಿಂದ ಮೇಲೆ ಹೊಡೆದ ಬಣ್ಣದ ಪದರ ದಪ್ಪವಾಗಿದ್ದರೆ.

ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1961ರಿಂದ 1996ರವರೆಗೆ ತಯಾರಿಸಿದ ಜಾವಾ, ಯೆಜ್ಡಿಗಳು ಇಂದಿಗೂ ನಮ್ಮ ಊರುಗಳಲ್ಲಿ ಓಡುತ್ತಿವೆ. ಯಮಹಾ ಆರ್‌ಎಕ್ಸ್ 100 ಕೂಡ 1996ಕ್ಕೇ ನಿಂತ ಗಾಡಿ. ಅಂದರೆ ಇವುಗಳಲ್ಲಿ ಅತ್ಯಂತ ಎಳೆಯದಕ್ಕೂ ಮೂವತ್ತು ವರ್ಷದ ಹತ್ತಿರವಾಯಿತು. ಅಷ್ಟರಲ್ಲಿ ಯಾರು ಯಾರೋ ಏನೇನೋ ಬಣ್ಣ ಹೊಡೆಸಿರುತ್ತಾರೆ. ಯಾವ ಜಾತಿಯ ಬಣ್ಣ ಎಂದು ತಿಳಿಯಲು ಸುಲಭದ ಪರೀಕ್ಷೆ ಇದೆ. ಬಿಳಿ ಬಟ್ಟೆಗೆ ಎನ್‌ಸಿ (ನೈಟ್ರೊಸೆಲ್ಯುಲೋಸ್) ತಿನ್ನರ್ ಅದ್ದಿ, ಕಾಣದ ಮೂಲೆಯಲ್ಲಿ ಒತ್ತಿ ಹಿಡಿಯಿರಿ. ಬಟ್ಟೆಗೆ ಬಣ್ಣ ಬಂದರೆ ಅದು ಎನ್‌ಸಿ ಜಾತಿಯದು. 1923ರಲ್ಲಿ ಅಮೆರಿಕದ ಡ್ಯೂಪಾಂಟ್ ಕಂಪನಿ ಡ್ಯೂಕೊ ಎಂಬ ಹೆಸರಿನಲ್ಲಿ ಈ ಜಾತಿಯ ಬಣ್ಣ ತಂದಾಗ, ವಾರಗಟ್ಟಲೆ ಹಿಡಿಯುತ್ತಿದ್ದ ಕಾರಿನ ಬಣ್ಣದ ಕೆಲಸ ಗಂಟೆಗಳಿಗೆ ಇಳಿಯಿತು. ನಮ್ಮ ಹಿರಿಯ ಪೇಂಟರುಗಳ ಬಾಯಲ್ಲಿ ಆ ಹೆಸರು ಈಗಲೂ ಇದೆ. ತಿನ್ನರು ಆರಿದರೆ ಒಣಗುವ ಬಣ್ಣ ಅದು, ಆದ್ದರಿಂದ ತಿನ್ನರು ತಾಗಿದರೆ ಮತ್ತೆ ಕರಗುತ್ತದೆ. ಅದರ ಮೇಲೆ ಇವತ್ತಿನ ಹಾರ್ಡ್‌ನರ್ ಬೆರೆಸುವ ಬಣ್ಣ ಹೊಡೆದರೆ ಕೆಳಗಿನದು ಕೆರಳಿ ಸುಕ್ಕುಗಟ್ಟುತ್ತದೆ. ಬಟ್ಟೆಗೆ ಬಣ್ಣ ಬಂತೆಂದರೆ ಕೀಳುವುದೇ ಲೇಸು. ಹಳೆ ಜಾವಾದ ಟ್ಯಾಂಕಿನ ಪಕ್ಕದಲ್ಲಿರುವ ಕ್ರೋಮ್ ಭಾಗದ ಮೇಲಂತೂ ಬಣ್ಣ ಹೊಡೆಸುವ ಆಸೆ ಬಿಡಿ. ನುಣುಪಾದ ಕ್ರೋಮ್ ಬಣ್ಣವನ್ನು ಹಿಡಿದುಕೊಳ್ಳುವುದಿಲ್ಲ, ಮೂಲ ಅಂದವೂ ಹಾಳಾಗುತ್ತದೆ.

ಉಜ್ಜುವ ಮೊದಲು ತೊಳೆಯಬೇಕು. ಈ ಕ್ರಮ ತಿರುಗಾಮುರುಗಾ ಆದರೆ ಮೈಮೇಲಿನ ಎಣ್ಣೆ, ಗ್ರೀಸು, ಪಾಲಿಷ್ ಎಲ್ಲ ಕಾಗದದ ಗೀರಿನೊಳಗೆ ಸೇರಿಕೊಳ್ಳುತ್ತದೆ. ಗಾಡಿ ಹೊಳೆಯಲೆಂದು ಬಳಿದ ಸಿಲಿಕೋನ್ ಪಾಲಿಷ್ ಎಲ್ಲಕ್ಕಿಂತ ಮೋಸದ್ದು. ಅದರ ಕಣದಷ್ಟು ಉಳಿದರೂ ಬಣ್ಣ ಅಲ್ಲಿ ಸರಿದು ಗುಂಡಗೆ ಕುಳಿ ಬೀಳುತ್ತದೆ. ಪಾತ್ರೆ ತೊಳೆಯುವ ಸೋಪಿನಿಂದ ಚೆನ್ನಾಗಿ ತೊಳೆದು ಒಣಗಿಸಿ. ಆಮೇಲೆ ಗ್ರೀಸು ತೆಗೆಯುವ ದ್ರಾವಣವನ್ನು ಒಂದು ಬಟ್ಟೆಯಿಂದ ಒರೆಸಿ, ಅದು ಆರುವ ಮೊದಲೇ ಇನ್ನೊಂದು ಒಣ ಬಟ್ಟೆಯಿಂದ ಎತ್ತಿ. ಒಂದೇ ಬಟ್ಟೆಯಲ್ಲಿ ಒರೆಸಿದರೆ ಜಿಡ್ಡು ಅಲ್ಲಿಂದ ಇಲ್ಲಿಗೆ ಹರಡುತ್ತದೆ, ಅಷ್ಟೆ.

ಮುಂದಿನದು ಪುಟ್ಟಿ. ಪಕ್ಕದ ಕೊಪ್ಪಳ ಜಿಲ್ಲೆಯ ಕಿನ್ನಾಳದ ಚಿತ್ರಗಾರರು ಮರದ ಗೊಂಬೆಗೆ ನೇರವಾಗಿ ಬಣ್ಣ ಬಳಿಯುವುದಿಲ್ಲ. ಸೆಣಬಿನ ಚಿಂದಿಯನ್ನು ಪುಡಿ ಮಾಡಿ, ಮರದ ಹೊಟ್ಟು ಮತ್ತು ಹುಣಸೆಬೀಜದ ಅಂಟಿನ ಜೊತೆ ಕಲಸಿ ಕಿಟ್ಟ ಮಾಡುತ್ತಾರೆ. ಅದರಿಂದ ಮೈ ಸರಿಪಡಿಸಿದ ಮೇಲೆಯೇ ಬಣ್ಣ. ನಮ್ಮ ಗಾಡಿಗೆ ಪುಟ್ಟಿ ಮಾಡುವುದೂ ಇದನ್ನೇ. ಆದರೆ ಗೊಂಬೆ ಅಲುಗುವುದಿಲ್ಲ, ಗಾಡಿಯ ತಗಡು ದಿನವೆಲ್ಲ ನಡುಗುತ್ತದೆ, ಬಿಸಿಲಿಗೆ ಹಿಗ್ಗುತ್ತದೆ. ಹಾಗಾಗಿ ಪುಟ್ಟಿ ಎರಡು ಮೂರು ಮಿಲಿಮೀಟರಿಗಿಂತ ದಪ್ಪ ಇರಬಾರದು. ಅದಕ್ಕಿಂತ ಆಳದ ಡೆಂಟನ್ನು ಟಿಂಕರ್ ಹತ್ತಿರ ಮೊದಲು ಎತ್ತಿಸಿ.

ಪುಟ್ಟಿಯಲ್ಲಿ ಎರಡು ಬಗೆ. ಹಾರ್ಡ್‌ನರ್ ಬೆರೆಸುವ ಪಾಲಿಯೆಸ್ಟರ್ ಪುಟ್ಟಿ ಗುಳಿಗೆ. ಟ್ಯೂಬಿನಲ್ಲೋ ಡಬ್ಬಿಯಲ್ಲೋ ಬರುವ ಎನ್‌ಸಿ ಪುಟ್ಟಿ ಕೇವಲ ಗೀರಿಗೆ. ಎನ್‌ಸಿ ಪುಟ್ಟಿಯನ್ನು ಗುಳಿಗೆ ತುಂಬಿದರೆ ಇವತ್ತು ಸಮ ಕಾಣುತ್ತದೆ, ತಿಂಗಳಾದ ಮೇಲೆ ಕುಗ್ಗಿ ಗುಳಿ ಮತ್ತೆ ಮೇಲೆ ಬರುತ್ತದೆ. ಪಾಲಿಯೆಸ್ಟರ್ ಪುಟ್ಟಿಗೆ ಹಾರ್ಡ್‌ನರ್ ತೂಕದಲ್ಲಿ ನೂರಕ್ಕೆ ಎರಡರಷ್ಟು. ಬೇಗ ಗಟ್ಟಿಯಾಗಲಿ ಎಂದು ಹೆಚ್ಚು ಹಾಕಿದರೆ ಮೇಲಿನ ಬಣ್ಣಕ್ಕೆ ಕಲೆ ಇಳಿಯುತ್ತದೆ. ಕಡಿಮೆಯಾದರೆ ಎಷ್ಟು ದಿನ ಬಿಟ್ಟರೂ ಮೆತ್ತಗೇ ಇರುತ್ತದೆ. ನಮ್ಮ ಬಿಸಿಲಿಗೆ ಕಲಸಿದ ಪುಟ್ಟಿ ಕೆಲವೇ ನಿಮಿಷಕ್ಕೆ ಕಲ್ಲಾಗುವುದರಿಂದ ಸ್ವಲ್ಪ ಸ್ವಲ್ಪವೇ ಕಲಸಿ. ಕಡೆಯಬೇಡಿ, ಒತ್ತಿ ಒತ್ತಿ ಮಡಚಿ. ಕಡೆದರೆ ಗಾಳಿ ಸೇರಿ ಸೂಜಿತೂತು ಬೀಳುತ್ತವೆ. ಮುಖ್ಯವಾದ ಮಾತು, ಪಾಲಿಯೆಸ್ಟರ್ ಪುಟ್ಟಿ ನೀರು ಕುಡಿಯುತ್ತದೆ. ಅದನ್ನು ಒಣಗಾಗಿಯೇ ಉಜ್ಜಬೇಕು. ನೀರು ಹಾಕಿ ಉಜ್ಜಿದ ಪುಟ್ಟಿಯ ಮೇಲೆ ಬಣ್ಣ ಹೊಡೆದರೆ ಒಳಗೆ ಸಿಕ್ಕಿಬಿದ್ದ ತೇವ ಬೇಸಿಗೆಯಲ್ಲಿ ಗುಳ್ಳೆಯಾಗಿ ಹೊರಬರುತ್ತದೆ.

ಪೆನ್ನು ಹಾಳೆ ಹತ್ತಿರವಿದ್ದವರು ಕಾಗದದ ನಂಬರು ಬರೆದುಕೊಳ್ಳಿ. ಪುಟ್ಟಿಯ ಉಬ್ಬು ತೆಗೆಯಲು 80. ಆಮೇಲೆ 180, 240. ಪ್ರೈಮರಿಗೆ ಮುಂಚೆ 320. ಹಳೆ ಬಣ್ಣದ ಹೊಳಪು ಮುರಿಯಲು 400. ಪ್ರೈಮರ್ ಒಣಗಿದ ಮೇಲೆ ನೀರು ಹಾಕಿ 600, 800. ಒಂದನ್ನು ಬಿಟ್ಟು ಇನ್ನೊಂದಕ್ಕೆ ಹಾರಬಾರದು. ಯಾಕೆಂದರೆ 80ರ ಕಾಗದದ ಕಣ ಸುಮಾರು 200 ಮೈಕ್ರಾನ್, 400ರದ್ದು 35, 800ರದ್ದು 22. ಮೈಕ್ರಾನ್ ಅಂದರೆ ಮಿಲಿಮೀಟರಿನ ಸಾವಿರದಲ್ಲಿ ಒಂದು ಪಾಲು. ಮೆಟಾಲಿಕ್ ಬಣ್ಣದ ಪದರದ ದಪ್ಪ 15ರಿಂದ 20 ಮೈಕ್ರಾನ್ ಮಾತ್ರ. ಒರಟು ಕಾಗದದ ಗೀರನ್ನು ಅಷ್ಟು ತೆಳು ಪದರ ಹೇಗೆ ಮುಚ್ಚೀತು? ಮೇಲಿನ ಕ್ಲಿಯರ್, ಅಂದರೆ ಬಣ್ಣವಿಲ್ಲದ ಹೊಳಪಿನ ಪದರ, ಹೊಳೆದಷ್ಟೂ ಕೆಳಗಿನ ಗೀರು ಎದ್ದು ಕಾಣುತ್ತದೆ. ಬಣ್ಣ ಐಬನ್ನು ಮುಚ್ಚುತ್ತದೆ ಎಂದು ನಾವು ನಂಬಿರುವುದೇ ತಪ್ಪು.

ಬರೀ ಬೆರಳಿಂದ ಉಜ್ಜಬೇಡಿ, ಬೆರಳಿನ ಜಾಗದಲ್ಲಿ ಕಾಲುವೆ ಬೀಳುತ್ತದೆ. ಸಮತಟ್ಟಾದ ಕಡೆ ಮರದ ತುಂಡಿಗೆ ಕಾಗದ ಸುತ್ತಿ. ಟ್ಯಾಂಕಿನ ಬಾಗಿಗೆ ಸವೆದ ಹವಾಯಿ ಚಪ್ಪಲಿಯ ರಬ್ಬರು ಕತ್ತರಿಸಿಕೊಂಡರೆ ಅಂಗಡಿಯ ಯಾವ ಬ್ಲಾಕೂ ಬೇಡ. ಒಮ್ಮೆ ಹೀಗೆ ಓರೆಯಾಗಿ, ಒಮ್ಮೆ ಅದಕ್ಕೆ ಅಡ್ಡವಾಗಿ ಉಜ್ಜಿ. ಸಮವಾಯಿತೋ ಇಲ್ಲವೋ ತಿಳಿಯಲು ಪ್ರೈಮರಿನ ಮೇಲೆ ದೂರದಿಂದ ಕಪ್ಪು ಸ್ಪ್ರೇಯನ್ನು ತೆಳುವಾಗಿ ಚಿಮುಕಿಸಿ. ಒಣಗಿದ ಮೇಲೆ ಉಜ್ಜಿದಾಗ ಕಪ್ಪು ಉಳಿದ ಕಡೆ ತಗ್ಗಿದೆ, ಮೊದಲೇ ಅಳಿಸಿ ಹೋದ ಕಡೆ ಉಬ್ಬಿದೆ. ಆ ಬಳಿಕ ಕಣ್ಣು ಮುಚ್ಚಿ ಅಂಗೈ ಆಡಿಸಿ. ಕಣ್ಣು ತಪ್ಪಿಸಿಕೊಂಡದ್ದನ್ನು ಕೈ ಹಿಡಿಯುತ್ತದೆ. ಆದರೆ ಬೆವರಿನ ಕೈ ಬೇಡ, ಬರಿ ತಗಡಿನ ಮೇಲೆ ಬೆವರಿನ ಉಪ್ಪು ತುಕ್ಕಿಗೆ ಬೀಜ ಬಿತ್ತುತ್ತದೆ. ತಗಡು ಕಂಡ ಕಡೆ ಅದೇ ದಿನ ಪ್ರೈಮರ್ ಬಳಿದುಬಿಡಿ, ರಾತ್ರಿ ಹಾಗೇ ಬಿಡಬೇಡಿ. ಚಿಕ್ಕ ಜಾಗವಾದರೆ ಎಪಾಕ್ಸಿ ಪ್ರೈಮರನ್ನು ಬ್ರಷ್ಷಿನಿಂದಲೂ ಹಚ್ಚಬಹುದು. ಆಮೇಲಿನ ಸರ್ಫೇಸರನ್ನು, ಅಂದರೆ ಮೈ ಸಮ ಮಾಡುವ ಪ್ರೈಮರನ್ನು, ಷೆಡ್ಡಿನಲ್ಲಿ ಹೊಡೆಸಿ ತಂದು ಉಜ್ಜಿಕೊಳ್ಳಿ.

ನೀರಿನ ವಿಷಯ ನಮ್ಮ ಸೀಮೆಗೆ ವಿಶೇಷ. ನಮ್ಮ ಬೋರಿನ ನೀರು ಗಡಸು. ಕೊಡದ ತಳದಲ್ಲಿ ಬಿಳಿ ಪೊರೆ ಕಟ್ಟುವುದನ್ನು ದಿನಾ ನೋಡುತ್ತೀರಿ. ಅದೇ ಉಪ್ಪು ಟ್ಯಾಂಕಿನ ಮೇಲೂ ಕೂರುತ್ತದೆ. ಬಣ್ಣದ ಕೆಳಗೆ ಉಳಿದ ಉಪ್ಪು ಮಳೆಗಾಲದಲ್ಲಿ ತೇವ ಎಳೆದುಕೊಂಡು ಗುಳ್ಳೆ ಎಬ್ಬಿಸುತ್ತದೆ. ಉಜ್ಜುವಾಗ ಬೋರಿನ ನೀರೇ ಇರಲಿ. ಕೊನೆಯ ತೊಳೆತಕ್ಕೆ ಮಾತ್ರ ಊರಿನ ಶುದ್ಧ ಕುಡಿಯುವ ನೀರಿನ ಘಟಕದಲ್ಲಿ ನಾಣ್ಯ ಹಾಕಿ ಹಿಡಿದ ನೀರು ಬಳಸಿ. ಒಂದು ಕ್ಯಾನು ಸಾಕು.

ಧೂಳಿನ ಮಾತೂ ಅಷ್ಟೆ. ಆಷಾಢದ ಗಾಳಿಯಲ್ಲಿ ಮಸಾರಿ ಮಣ್ಣು ಮನೆಯೊಳಗೇ ಬರುತ್ತದೆ. ದಸರೆಯ ಆಸುಪಾಸಿನಲ್ಲಿ ಮೆಕ್ಕೆಜೋಳ ಒಕ್ಕುವ ಮಷೀನು ಊರಿಗೆ ಬಂದರೆ ರವದಿಯ ಹೊಟ್ಟು ಎಲ್ಲೆಲ್ಲೂ ಹಾರುತ್ತದೆ. ಮಳೆಯ ತೇವದಲ್ಲಿ ಎನ್‌ಸಿ ಬಣ್ಣ ಹೊಡೆದರೆ ಮೇಲೆ ಬಿಳಿ ಮಂಜು ಕವಿದಂತಾಗುತ್ತದೆ. ಹಬ್ಬಕ್ಕೇ ಆಗಬೇಕೆಂಬ ಹಟವಿಲ್ಲದಿದ್ದರೆ ದೀಪಾವಳಿ ಕಳೆದು ಸಂಕ್ರಾಂತಿಯೊಳಗಿನ ತಂಪು ದಿನಗಳೇ ಈ ಕೆಲಸಕ್ಕೆ ಒಳ್ಳೆಯವು.

ಕೊನೆಯದಾಗಿ ಆರೋಗ್ಯ. ಮನೆಬಣ್ಣಗಳಲ್ಲಿ ಸೀಸ 90 ಪಿಪಿಎಂ ಮೀರಬಾರದೆಂಬ ನಿಯಮ ನಮ್ಮ ದೇಶದಲ್ಲಿ 2017ರ ನವೆಂಬರಿನಿಂದ ಜಾರಿಯಲ್ಲಿದೆ. ಆದರೆ ಅದು ಮನೆಯ ಹಾಗೂ ಅಲಂಕಾರದ ಬಣ್ಣಗಳಿಗೆ ಮಾತ್ರ. ಹಳೆ ಗಾಡಿಯ ಬಣ್ಣದಲ್ಲಿ ಸೀಸ ಇರಬಹುದೆಂದೇ ತಿಳಿದು ನಡೆಯಿರಿ. ಹಳೆ ಬಣ್ಣವನ್ನು ನೀರು ಹಾಕಿಯೇ ಉಜ್ಜಿ. ಒಣಗಾಗಿ ಉಜ್ಜುವ ಪುಟ್ಟಿಗೆ ಒಳ್ಳೆಯ ಎನ್95 ಮಾಸ್ಕ್ ಕಟ್ಟಿಕೊಳ್ಳಿ. ಮಕ್ಕಳು, ಬಸುರಿಯರು ಹತ್ತಿರ ಸುಳಿಯದಿರಲಿ. ಉಜ್ಜಿದ ರಾಡಿಯನ್ನು ದನ ನೀರು ಕುಡಿಯುವ ಕಡೆ ಚೆಲ್ಲಬೇಡಿ.

ಇಷ್ಟು ಮಾಡಿದ ಮೇಲೆ "ಬಣ್ಣವನ್ನೂ ನಾನೇ ಹೊಡೆದರೇನು?" ಎಂದು ಕೇಳುವವರಿದ್ದೀರಿ. ಹಾರ್ಡ್‌ನರ್ ಬೆರೆಸುವ ಪಿಯು (ಪಾಲಿಯುರೆಥೇನ್) ಬಣ್ಣ, ಕ್ಲಿಯರುಗಳಲ್ಲಿ ಐಸೊಸಯನೇಟ್ ಎಂಬ ರಾಸಾಯನಿಕ ಇರುತ್ತದೆ. ಗನ್ನಿನಿಂದ ಹಾರುವ ಅದರ ಮಂಜು ಉಸಿರಿನಲ್ಲಿ ಸೇರಿದರೆ ಉಬ್ಬಸ ಬರಬಹುದು. ಒಮ್ಮೆ ಮೈಗೆ ಅದು ಒಗ್ಗದಂತಾದರೆ ಮುಂದೆ ಚೂರು ತಾಗಿದರೂ ಉಸಿರು ಕಟ್ಟುತ್ತದೆ. ಬಾಯಿಗೆ ಕಟ್ಟಿದ ಟವೆಲ್ಲಾಗಲಿ ಎನ್95 ಆಗಲಿ ಅದನ್ನು ತಡೆಯುವುದಿಲ್ಲ. ಮುದುಕರು ಮಲಗುವ ಪಡಸಾಲೆಯಲ್ಲಿ ಮಾಡುವ ಕೆಲಸ ಅದಲ್ಲ. ಷೆಡ್ಡಿನ ಪೇಂಟರಣ್ಣನಿಗೂ ಇದೇ ಮಾತು ಹೇಳುತ್ತೇನೆ. ಅವರು ಸರಿಯಾದ ಮಾಸ್ಕ್ ಹಾಕಿಕೊಳ್ಳುತ್ತಾರೋ ಇಲ್ಲವೋ ಗಿರಾಕಿಯಾಗಿ ನೀವೂ ಕೇಳಿ.

ಷೆಡ್ಡಿಗೆ ಹೋಗುವಾಗ ಭಾಗಗಳನ್ನು ಹಳೆ ಸೀರೆ ಇಲ್ಲವೇ ಬೆಡ್‌ಶೀಟಿನಲ್ಲಿ ಸುತ್ತಿ ಒಯ್ಯಿರಿ. ಯಾವ ಪ್ರೈಮರ್, ಯಾವ ಪುಟ್ಟಿ ಬಳಸಿದ್ದೀರಿ ಎಂದು ಚೀಟಿ ಬರೆದು ಕೊಡಿ, ಅದಕ್ಕೆ ಹೊಂದುವ ಬಣ್ಣವನ್ನೇ ಅವರು ಆರಿಸಲಿ. ಕೂಲಿಯಲ್ಲಿ ಚೌಕಾಸಿ ಮಾಡಿ, ತಪ್ಪಿಲ್ಲ, ನಿಮ್ಮ ಪಾಲಿನ ಕೆಲಸ ಮುಗಿಸಿಯೇ ಹೋಗಿದ್ದೀರಿ. ಆದರೆ ದಿನದಲ್ಲಿ ಚೌಕಾಸಿ ಮಾಡಬೇಡಿ. ಪೇಂಟರ್ ಮೂರು ದಿನ ಒಣಗಬೇಕು ಅಂದರೆ ಮೂರು ದಿನ ಬಿಡಿ. ಈ ಸಲದ ಹಬ್ಬಕ್ಕೆ ಗಾಡಿ ಆಗದಿದ್ದರೆ ಇದ್ದ ಬಣ್ಣದಲ್ಲೇ ತೊಳೆದು ಪೂಜೆ ಮಾಡಿ, ಬಣ್ಣದ ಕೆಲಸವನ್ನು ಹಬ್ಬ ಕಳೆದ ಮೇಲೆ ನಿಧಾನವಾಗಿ ಮಾಡಿ.